ಗ್ಯಾರಿ ಕಿಲ್ಡಾಲ್ ಬಗ್ಗೆ ಬರೆಯುವಾಗ ವಿಮಾನದ ಕಥೆಯಿಂದಲೇ ಆರಂಭಿಸಬೇಕೇ?

ಹಸ್ತಪ್ರತಿ

ವೈಯಕ್ತಿಕ ಕಂಪ್ಯೂಟರ್ ಇನ್ನೂ ಹವ್ಯಾಸಿಗಳ ಮೇಜಿನ ಮೇಲಿದ್ದ ಕಾಲದಲ್ಲಿ ದುಡಿದು, ಈಗ ಹೆಸರು ಹೇಳಿದರೂ ಯಾರೆಂದು ಕೇಳುವಂತಾಗಿರುವ ಕೆಲವರ ಬಗ್ಗೆ ಕನ್ನಡದಲ್ಲಿ ಒಂದು ಲೇಖನಮಾಲೆ ಬರೆಯಲು ತೊಡಗಿದ್ದೇನೆ. ಮೊದಲನೆಯದು ಗ್ಯಾರಿ ಕಿಲ್ಡಾಲ್ ಅವರನ್ನು ಕುರಿತದ್ದು. ಕರಡು ಮುಗಿದಿದೆ, ಆದರೆ ಓದಿದಾಗಲೆಲ್ಲ ಮನಸ್ಸಿಗೆ ಸಮಾಧಾನವಾಗುತ್ತಿಲ್ಲ. ಆದ್ದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಕರಡಿನ ಆರಂಭ ಹೀಗಿದೆ. 1980ರಲ್ಲಿ ಒಂದು ದಿನ ಐಬಿಎಂ ಕಂಪನಿಯವರು ತಮ್ಮ ಹೊಸ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಎಂಬ ಪುಟ್ಟ ಊರಿಗೆ ಬರುತ್ತಾರೆ. ಡಿಜಿಟಲ್ ರಿಸರ್ಚ್ ಸಂಸ್ಥೆಯ ಒಡೆಯ ಕಿಲ್ಡಾಲ್ ಅಷ್ಟು ಹೊತ್ತಿಗೆ ತಮ್ಮ ವಿಮಾನವೇರಿ ಹೊರಟುಬಿಟ್ಟಿರುತ್ತಾರೆ. ಬಂದವರು ಮೈಕ್ರೋಸಾಫ್ಟ್ ಕಡೆಗೆ ತಿರುಗುತ್ತಾರೆ, ಬಿಲ್ ಗೇಟ್ಸ್ ಲೋಕದ ಸಿರಿವಂತರಾಗುತ್ತಾರೆ, ಕಿಲ್ಡಾಲ್ ಮರೆಯಾಗುತ್ತಾರೆ. ಓದುಗರನ್ನು ಹಿಡಿದು ಕೂರಿಸುವ ಆರಂಭ ಅದು, ಅನುಮಾನವಿಲ್ಲ. ಆದರೆ ಬರೆದು ಮುಗಿಸಿ ಪುಟ ಎಣಿಸಿದಾಗ, ಹನ್ನೆರಡು ಪುಟಗಳಲ್ಲಿ ಏಳು ಪುಟ ಆ ಒಂದು ದಿನಕ್ಕೂ ಕೈತಪ್ಪಿದ ಹಣಕ್ಕೂ ಹೋಗಿದ್ದವು. ಆ ಮನುಷ್ಯ ಏನು ಮಾಡಿದರು ಎಂಬುದಕ್ಕೆ ಉಳಿದದ್ದು ಎರಡೇ ಪುಟ.

ಆ ಎರಡು ಪುಟಗಳಲ್ಲಿ ಇರುವುದು ಇಷ್ಟು. ಹುಟ್ಟಿದ್ದು 1942ರಲ್ಲಿ, ಸಿಯಾಟಲ್‌ನಲ್ಲಿ. ಅವರ ಮನೆತನದವರು ಅಲ್ಲಿ ನೌಕಾಯಾನ ಕಲಿಸುವ ಶಾಲೆ ನಡೆಸುತ್ತಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಡಾಕ್ಟರೇಟ್ ಪಡೆದು, ಮಾಂಟೆರೇಯ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಇಂಟೆಲ್‌ನ 4004 ಚಿಪ್ ಬಂದಾಗ ಅದರ ಬೆನ್ನು ಹತ್ತಿ, ಆ ಕಂಪನಿಗೆ ಸಲಹೆಗಾರರಾಗಿ, ಮೈಕ್ರೋಪ್ರೊಸೆಸರುಗಳಿಗಾಗಿಯೇ ಪಿಎಲ್/ಎಂ ಎಂಬ ಭಾಷೆಯನ್ನು ಕಟ್ಟಿಕೊಟ್ಟರು. 1974ರಲ್ಲಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಬರೆದರು. 1973ರಲ್ಲಿ ಅವರು ಮಂಡಿಸಿದ ಒಂದು ಪ್ರಬಂಧದ ವಿಧಾನವನ್ನು ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಪಾಠದಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಕಲಿಸುತ್ತಾರೆ.

ಸೋತವರೆಂದು ಬರೆದರೆ ಮಾತ್ರ ಮರೆತವರ ಕಥೆ ಓದಿಸಿಕೊಳ್ಳುತ್ತದೆಯೇ, ಅಥವಾ ಬರೆಯಲು ಬೇರೆ ದಾರಿ ಇದೆಯೇ ಎಂಬುದು ನನ್ನ ಪ್ರಶ್ನೆ. ಈ ವಿಷಯ ಬಲ್ಲವರು ದಯವಿಟ್ಟು ತಿದ್ದಬೇಕು.

ಬೆಸುಗೆಕಡ್ಡಿ

ನಾನು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸದಲ್ಲಿದ್ದವನು. ಸಿಪಿ/ಎಂ ಓಡುತ್ತಿದ್ದ ಯಂತ್ರಗಳನ್ನು ಕೈಯಾರೆ ಬಿಚ್ಚಿ ಜೋಡಿಸಿದ್ದೇನೆ. ನಿಮ್ಮ ಲೇಖನದಲ್ಲಿ ಆ ಎರಡು ಪುಟ ಎಂಟು ಪುಟವಾಗಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಗಿನ ಯಂತ್ರವೆಂದರೆ ಒಂದು ಜೆಡ್-80 ಚಿಪ್, 64 ಕಿಲೋಬೈಟ್ ಸ್ಮರಣೆ, ಎರಡು ಫ್ಲಾಪಿ ಡ್ರೈವ್, ಒಂದು ಹಸಿರು ಪರದೆ. ಸ್ವಿಚ್ ಹಾಕಿದರೆ ಡ್ರೈವ್ ಗರಗರ ಸದ್ದು ಮಾಡಿ, ಪರದೆಯ ಎಡಮೂಲೆಯಲ್ಲಿ ಎ ಅಕ್ಷರವೂ ಅದರ ಪಕ್ಕದಲ್ಲಿ ಒಂದು ಬಾಣದ ಗುರುತೂ ಮೂಡುತ್ತಿದ್ದವು. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಮಧ್ಯಾಹ್ನವಿಡೀ ಕೂತು ಉದ್ದನೆಯ ಪತ್ರವೊಂದನ್ನು ಬೆರಳಚ್ಚಿಸಿ, ಬಿ ಡ್ರೈವಿನ ಫ್ಲಾಪಿ ತುಂಬಿತೆಂದು ಅದನ್ನು ತೆಗೆದು ಬೇರೆಯದನ್ನು ಹಾಕಿ, ಉಳಿಸಲು ಹೋದರು. ಪರದೆಯ ಮೇಲೆ ಬಿಡಾಸ್ ಎರ್ ಆನ್ ಬಿ, ಆರ್/ಒ ಎಂಬ ಒಂದೇ ಸಾಲು ಬಂತು, ಅಂದರೆ ಬಿ ಡ್ರೈವನ್ನು ಓದಬಹುದಷ್ಟೇ, ಬರೆಯಲಾಗದು. ಯಾವುದೋ ಕೀಲಿ ಒತ್ತಿದರು, ಪತ್ರ ಹೋಯಿತು. ನನ್ನನ್ನು ಕರೆಸಿದಾಗ ಅವರ ಕಣ್ಣಲ್ಲಿ ನೀರಿತ್ತು.

ಆ ದಿನ ನನಗೂ ಸಿಪಿ/ಎಂ ಮೇಲೆ ಸಿಟ್ಟು ಬಂದಿತ್ತು. ಕಾರಣ ತಿಳಿದ ಮೇಲೆ ಅದು ಗೌರವವಾಗಿ ಬದಲಾಯಿತು. ಫ್ಲಾಪಿಯ ಯಾವ ಭಾಗ ಖಾಲಿ, ಯಾವ ಭಾಗ ತುಂಬಿದೆ ಎಂಬ ನಕ್ಷೆಯನ್ನು ಸಿಪಿ/ಎಂ ತನ್ನ ಸ್ಮರಣೆಯಲ್ಲಿಟ್ಟುಕೊಂಡಿರುತ್ತಿತ್ತು. ಹೇಳದೆ ಕೇಳದೆ ಫ್ಲಾಪಿ ಬದಲಾಯಿಸಿದರೆ ಹಳೆಯದರ ನಕ್ಷೆ ಹಿಡಿದುಕೊಂಡು ಹೊಸದರ ಮೇಲೆ ಬರೆದು, ಅದರಲ್ಲಿದ್ದ ಕಡತಗಳನ್ನೆಲ್ಲ ಹಾಳುಮಾಡುವ ಅಪಾಯವಿತ್ತು. ಹಾಗಾಗದಂತೆ ಅದು ಪಟ್ಟಿಯ ಮೊತ್ತವನ್ನು ತಾಳೆ ನೋಡಿ, ತಾಳೆಯಾಗದಿದ್ದರೆ ಬರೆಯಲು ನಿರಾಕರಿಸುತ್ತಿತ್ತು. ಫ್ಲಾಪಿ ಬದಲಿಸಿದ ಕೂಡಲೇ ಕಂಟ್ರೋಲ್-ಸಿ ಒತ್ತಿದರೆ ನಕ್ಷೆ ಹೊಸದಾಗುತ್ತಿತ್ತು, ಆದರೆ ಬೆರಳಚ್ಚಿನ ತಂತ್ರಾಂಶದ ಒಳಗೆ ಕೂತವರಿಗೆ ಆ ಅನುಕೂಲವಿರಲಿಲ್ಲ. ಕೆಲವೇ ಕಿಲೋಬೈಟ್‌ಗಳ ಜಾಗದಲ್ಲಿ ಇಷ್ಟು ಮುಂದಾಲೋಚನೆಯನ್ನು ಅಡಕಿದ ತಲೆ ಯಾವುದು ಎಂದು ನಾನು ಕೇಳಿದ್ದು ಆಗ. ಕಿಲ್ಡಾಲ್ ಅವರ ಹೆಸರನ್ನು ಮೊದಲು ಕೇಳಿದ್ದೂ ಆಗಲೇ.

ಇನ್ನು ಮುಖ್ಯ ವಿಷಯ. ಆಗ ಪ್ರತಿ ತಯಾರಕರ ಯಂತ್ರಕ್ಕೂ ಅದರದೇ ಡಿಸ್ಕ್ ನಿಯಂತ್ರಕ, ಅದರದೇ ಟರ್ಮಿನಲ್. ಒಂದಕ್ಕೆ ಬರೆದ ತಂತ್ರಾಂಶ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಇಮ್ಸಾಯ್ ಎಂಬ ಕಂಪನಿ ತನ್ನ ಯಂತ್ರಕ್ಕೆ ಸಿಪಿ/ಎಂ ಬೇಕೆಂದಾಗ, ಪ್ರತಿ ಸಲ ಇಡೀ ತಂತ್ರಾಂಶವನ್ನು ತಿದ್ದುವ ಬದಲು, ಯಂತ್ರಕ್ಕೆ ಅಂಟಿಕೊಂಡ ಭಾಗವನ್ನಷ್ಟೇ ಕಿಲ್ಡಾಲ್ ಬೇರ್ಪಡಿಸಿದರು. ಇಮ್ಸಾಯ್‌ನ ಗ್ಲೆನ್ ಯೂಯಿಂಗ್ ಅವರ ಪಾಲೂ ಇದರಲ್ಲಿದೆ. ಆ ಭಾಗಕ್ಕೆ ಕಿಲ್ಡಾಲ್ ಇಟ್ಟ ಹೆಸರು ಬಯಾಸ್. ಸಿಪಿ/ಎಂ 2.2ರಲ್ಲಿ ಅದು ಹದಿನೇಳು ಬಾಗಿಲುಗಳ ಒಂದು ಸಾಲು: ಒಂದು ಅಕ್ಷರ ತೋರಿಸು, ಒಂದು ಅಕ್ಷರ ತೆಗೆದುಕೋ, ಈ ಪಥಕ್ಕೆ ಹೋಗು, ಈ ವಿಭಾಗವನ್ನು ಓದು, ಬರೆ. ಕಾಗದದ ಪಟ್ಟಿಗೆ ತೂತು ಹೊಡೆಯುವ ಯಂತ್ರಕ್ಕೂ ಅದರಲ್ಲಿ ಒಂದು ಬಾಗಿಲಿತ್ತು. ಹೊಸ ಯಂತ್ರ ಮಾಡಿದವರು ಆ ಹದಿನೇಳನ್ನು ಬರೆದುಕೊಟ್ಟರೆ ಸಾಕು, ವರ್ಡ್‌ಸ್ಟಾರ್‌ನಿಂದ ಹಿಡಿದು ಲೆಕ್ಕಪತ್ರದ ತಂತ್ರಾಂಶದವರೆಗೆ ಎಲ್ಲವೂ ಅದರ ಮೇಲೆ ಓಡುತ್ತಿದ್ದವು. ಪೆಟ್ಟಿಗೆಯಲ್ಲಿಟ್ಟು ಮಾರುವ ತಂತ್ರಾಂಶದ ವ್ಯಾಪಾರ ಬೆಳೆದದ್ದು ಈ ನೆಲದ ಮೇಲೆ.

ಲೇಖನವನ್ನು ವಿಮಾನದಿಂದ ಆರಂಭಿಸಬೇಡಿ. ಈ ಹದಿನೇಳು ಬಾಗಿಲುಗಳಿಂದ ಆರಂಭಿಸಿ.

ಕಡತಪಾಲ

ಬೆಸುಗೆಕಡ್ಡಿಯವರ ಮಾತಿಗೆ ನನ್ನ ಸಮ್ಮತಿ ಇದೆ. ಆದರೆ ವಿಮಾನದ ಕಥೆಯನ್ನು ಬಿಟ್ಟುಬಿಟ್ಟರೆ ಓದುಗರು ಅದನ್ನು ಬೇರೆ ಕಡೆ ಓದಿ, ನೀವು ಮುಚ್ಚಿಟ್ಟಿರೆಂದು ಭಾವಿಸುತ್ತಾರೆ. ಅದನ್ನು ಲೇಖನದ ನಡುವೆ, ಅದರ ಅಳತೆಯಲ್ಲಿ, ಇಡುವುದು ಸರಿ.

ಕಿಲ್ಡಾಲ್ ಆ ದಿನ ಮೋಜಿಗಾಗಿ ಹಾರುತ್ತಿರಲಿಲ್ಲ. ಗ್ರಾಹಕರಾಗಿದ್ದ ಬಿಲ್ ಗಾಡ್‌ಬೌಟ್ ಅವರನ್ನು ಕಾಣಲು ಕೆಲಸದ ಮೇಲೆಯೇ ಹೋಗಿದ್ದರು. ತಯಾರಕರೊಡನೆ ಪರವಾನಗಿಯ ಮಾತುಕತೆಯನ್ನು ಅವರ ಸಂಸ್ಥೆಯಲ್ಲಿ ಎಂದಿಗೂ ನೋಡಿಕೊಳ್ಳುತ್ತಿದ್ದವರು ಪತ್ನಿ ಡೊರೊತಿ ಮೆಕ್‌ಈವನ್, ಅಂದೂ ಅವರೇ ಕೂತರು. ಐಬಿಎಂ ಮುಂದಿಟ್ಟ ಗೋಪ್ಯತೆಯ ಕರಾರು ಏಕಪಕ್ಷೀಯವಾಗಿತ್ತೆಂದು ಅವರೂ ವಕೀಲರೂ ಹಿಂದೆಗೆದರು. ಅಲ್ಲಿಂದ ಮುಂದೆ ಸಾಕ್ಷಿಗಳೇ ಒಬ್ಬರಿಗೊಬ್ಬರು ಹೊಂದುವುದಿಲ್ಲ. ಮಧ್ಯಾಹ್ನ ಮರಳಿ ಬಂದು ತಾನೇ ಮಾತುಕತೆಯಲ್ಲಿ ಕೂತೆನೆಂದು ಕಿಲ್ಡಾಲ್ ಹೇಳಿದ್ದಾರೆ. ಐಬಿಎಂ ಕಡೆಯಿಂದ ಬಂದಿದ್ದ ಜ್ಯಾಕ್ ಸ್ಯಾಮ್ಸ್ ಅವರಿಗೆ ಕಿಲ್ಡಾಲ್ ಅವರನ್ನು ಕಂಡ ನೆನಪಿರಲಿಲ್ಲ. ಲೇಖಕರಾದವರು ಎರಡನ್ನೂ ಹೇಳಬೇಕು, ಒಂದನ್ನು ಆರಿಸಿ ನಾಟಕ ಕಟ್ಟಬಾರದು.

ಐಬಿಎಂ ಬಳಿಕ ತನ್ನ ಯಂತ್ರಕ್ಕೆ ಹೊಂದುವ ಸಿಪಿ/ಎಂ ಆದ ಸಿಪಿ/ಎಂ-86ನ್ನೂ ಮಾರಿತು ಎಂಬುದನ್ನು ವಿಮಾನದ ಕಥೆ ಹೇಳುವವರು ಬಿಡುತ್ತಾರೆ. ಆದರೆ ಅದರ ಬೆಲೆ 240 ಡಾಲರ್, ಮೈಕ್ರೋಸಾಫ್ಟ್ ಒದಗಿಸಿದ ಆಪರೇಟಿಂಗ್ ಸಿಸ್ಟಮ್ ಪಿಸಿ-ಡಾಸ್ ಬೆಲೆ 40 ಡಾಲರ್. ಅಂಗಡಿಯಲ್ಲಿ ಎರಡೂ ಪೆಟ್ಟಿಗೆ ಪಕ್ಕಪಕ್ಕದಲ್ಲಿದ್ದರೆ ಕೊಳ್ಳುವವರು ಯಾವುದನ್ನು ಎತ್ತಿಕೊಳ್ಳುತ್ತಾರೆ ಎಂಬುದಕ್ಕೆ ವಿಮಾನ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ನಿಮ್ಮ ಕರಡಿನಲ್ಲಿ ಮೈಕ್ರೋಸಾಫ್ಟಿನವರು ಸಿಪಿ/ಎಂ ಅನ್ನು ‘ಕದ್ದರು’ ಎಂಬ ಮಾತಿದ್ದರೆ ತೆಗೆದುಹಾಕಿ. ಡಾಸ್‌ಗಾಗಿ ಮೈಕ್ರೋಸಾಫ್ಟ್ ಕೊಂಡದ್ದು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯ ತಂತ್ರಾಂಶವನ್ನು, ಬರೆದವರು ಟಿಮ್ ಪ್ಯಾಟರ್ಸನ್ ಎಂಬ ಯುವಕ. ಸಿಪಿ/ಎಂ ಕೈಪಿಡಿಯನ್ನು ಮುಂದಿಟ್ಟುಕೊಂಡು, ತಂತ್ರಾಂಶಗಳು ಆಪರೇಟಿಂಗ್ ಸಿಸ್ಟಮ್‌ಗೆ ಕಳಿಸುವ ಅದೇ ಕರೆಗಳಿಗೆ ಉತ್ತರಿಸುವಂತೆ ತಾವು ಬರೆದದ್ದು ನಿಜ, ಒಳಗಿನ ಸಂಕೇತ (ಕೋಡ್) ಪೂರ್ತಿಯಾಗಿ ತಮ್ಮದೇ ಎಂದು ಅವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಡಿಸ್ಕಿನ ಮೇಲೆ ಕಡತಗಳನ್ನು ಜೋಡಿಸುವ ಕ್ರಮವನ್ನು ಅವರು ಸಿಪಿ/ಎಂನಿಂದ ತೆಗೆದುಕೊಳ್ಳಲಿಲ್ಲ, ಫ್ಯಾಟ್ ಎಂಬ ಬೇರೆಯದನ್ನು ಅಳವಡಿಸಿದರು, ಅದು ಮೇಲ್ಮಟ್ಟದ್ದೂ ಆಗಿತ್ತು. 2004ರಲ್ಲಿ ಬಂದ ಪುಸ್ತಕವೊಂದು ತಮ್ಮನ್ನು ಕೀಳಾಗಿ ಚಿತ್ರಿಸಿತೆಂದು ಪ್ಯಾಟರ್ಸನ್ ಮಾನನಷ್ಟದ ಮೊಕದ್ದಮೆ ಹೂಡಿದರು, 2007ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಒಬ್ಬರನ್ನು ಎತ್ತಿ ಹಿಡಿಯುವ ಉತ್ಸಾಹದಲ್ಲಿ ಇನ್ನೊಬ್ಬರ ಶ್ರಮವನ್ನು ತುಳಿಯುವುದು ಈ ಬಗೆಯ ಬರಹಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪು. ಪ್ಯಾಟರ್ಸನ್ ಅವರನ್ನು ಬಲ್ಲವರೂ ಈಗ ಎಷ್ಟು ಜನ ಇದ್ದಾರೆ?

ಬೆಸುಗೆಕಡ್ಡಿ

ಕಡತಪಾಲರು ಹೇಳಿದ್ದು ನ್ಯಾಯವಾದ ಮಾತು. ಕದ್ದದ್ದಲ್ಲ. ಆದರೆ ಋಣ ಮಾತ್ರ ಬರಿಗಣ್ಣಿಗೆ ಕಾಣುವಂಥದ್ದು, ಲೇಖನದಲ್ಲಿ ಅದನ್ನು ತೋರಿಸಿಕೊಡಬಹುದು. ಸಿಪಿ/ಎಂನಲ್ಲಿ ಒಂದು ಸಾಲನ್ನು ಪರದೆಗೆ ಕಳಿಸಬೇಕಾದರೆ ಚಿಪ್ಪಿನೊಳಗಿನ ಸಿ ಎಂಬ ರಿಜಿಸ್ಟರಿನಲ್ಲಿ (ಸಂಖ್ಯೆ ಇಡುವ ಪುಟ್ಟ ಗೂಡು) 9 ಎಂಬ ಸಂಖ್ಯೆಯನ್ನಿಟ್ಟು 5ನೆಯ ವಿಳಾಸವನ್ನು ಕರೆಯಬೇಕಿತ್ತು, ಸಾಲಿನ ಕೊನೆಗೆ ಡಾಲರ್ ಚಿಹ್ನೆ ಇರಬೇಕಿತ್ತು. ಡಾಸ್‌ನಲ್ಲಿಯೂ ಅದೇ ಕೆಲಸದ ಸಂಖ್ಯೆ 9, ಕೊನೆಗೆ ಅದೇ ಡಾಲರ್ ಚಿಹ್ನೆ. ಸಿಪಿ/ಎಂ ತಂತ್ರಾಂಶಗಳು ಸ್ಮರಣೆಯ 256ನೆಯ ವಿಳಾಸದಿಂದ ಆರಂಭವಾಗುತ್ತಿದ್ದವು, ಡಾಸ್‌ನ ಕಾಮ್ ಎಂಬ ಬಾಲದ ತಂತ್ರಾಂಶ ಕಡತಗಳೂ ತಮ್ಮ ವಿಭಾಗದ 256ನೆಯ ವಿಳಾಸದಿಂದಲೇ ಆರಂಭವಾದವು. ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಬಾಲ ಎಂಬ ಕಟ್ಟಳೆಯೂ ಅಲ್ಲಿಂದ ಬಂದದ್ದು.

ಕಂಟ್ರೋಲ್-ಜೆಡ್ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. ಸಿಪಿ/ಎಂ ಕಡತದ ಉದ್ದವನ್ನು 128 ಬೈಟ್‌ಗಳ ತುಂಡುಗಳಲ್ಲಿ ಮಾತ್ರ ಎಣಿಸುತ್ತಿತ್ತು. ಪತ್ರ ತುಂಡಿನ ನಡುವೆ ಮುಗಿದರೆ, ಮುಗಿದ ಜಾಗವನ್ನು ತೋರಿಸಲು ಕಂಟ್ರೋಲ್-ಜೆಡ್ ಗುರುತು ಹಾಕಲಾಗುತ್ತಿತ್ತು. ಡಾಸ್ ಪ್ರತಿ ಬೈಟನ್ನೂ ಎಣಿಸುತ್ತಿತ್ತು, ಅದಕ್ಕೆ ಆ ಗುರುತಿನ ಅಗತ್ಯವೇ ಇರಲಿಲ್ಲ. ಆದರೂ ಇಂದಿನ ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಕಾಪಿ ಕಾನ್ ಎಂದೂ ಅದರ ಮುಂದೆ ಒಂದು ಕಡತದ ಹೆಸರನ್ನೂ ಬರೆದು, ಕೀಲಿಮಣೆಯಿಂದ ನೇರವಾಗಿ ಆ ಕಡತಕ್ಕೆ ಬೆರಳಚ್ಚಿಸಿ ನೋಡಿ, ಮುಗಿಸಲು ಕಂಟ್ರೋಲ್-ಜೆಡ್ ಒತ್ತಬೇಕು. ಹಳೆಯ ಮನೆ ಕೆಡವಿ ಹೊಸದು ಕಟ್ಟಿದರೂ ಹೊಸ್ತಿಲು ಮಾತ್ರ ಅಜ್ಜ ಹಾಕಿಸಿದ್ದೇ ಉಳಿದಂತೆ ಇದು.

ಟಿಪ್ಪಣಿಗಾರ್ತಿ

ಈವರೆಗಿನ ಬರಹಗಳಲ್ಲಿ ಡೊರೊತಿ ಮೆಕ್‌ಈವನ್ ಒಂದೇ ಒಂದು ಸಲ ಬಂದಿದ್ದಾರೆ, ಅದೂ ಕರಾರಿಗೆ ಸಹಿ ಹಾಕದ ಹೆಂಡತಿಯಾಗಿ. ಸಂಸ್ಥೆಯನ್ನು ಅವರಿಬ್ಬರೂ ಜೊತೆಯಾಗಿ, ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್ ಎಂಬ ಹೆಸರಿನಲ್ಲಿ ಆರಂಭಿಸಿದರು. ಪತಿ ಪಾಠ ಹೇಳುತ್ತ, ಸಂಕೇತ ಬರೆಯುತ್ತ ಇದ್ದಾಗ ಬೇಡಿಕೆಯ ಪತ್ರಗಳನ್ನು ತೆರೆದು, ಪರವಾನಗಿಯ ಮಾತುಕತೆ ನಡೆಸಿ, ವ್ಯವಹಾರ ಕಟ್ಟಿದವರು ಡೊರೊತಿ. ಮನೆಮಂದಿಯ ಸಣ್ಣ ಅಂಗಡಿ ಎಂದು ಎದುರಿನವರು ಹಗುರವಾಗಿ ಕಾಣಬಾರದೆಂದು ತವರಿನ ಹೆಸರನ್ನೇ ಬಳಸುತ್ತಿದ್ದರು. ಇಮ್ಸಾಯ್ ಕಂಪನಿಯಿಂದ ಬಂದ 25,000 ಡಾಲರ್‌ಗಳಂಥ ಪರವಾನಗಿಗಳೇ ಸಂಸ್ಥೆಗೆ ಕಾಲು ಕೊಟ್ಟವು. ಮರೆತವರನ್ನು ನೆನೆಯಲು ಹೊರಟ ಲೇಖನವೇ ಇವರನ್ನು ಮರೆತರೆ ಹೇಗೆ?

ಇದು ಕಿಲ್ಡಾಲ್ ಅವರ ಲೇಖನಕ್ಕೆ ಮಾತ್ರ ಸೇರಿದ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಲೋರ್ ಹಾರ್ಪ್ ಮತ್ತು ಕ್ಯಾರೊಲ್ ಈಲಿ ಎಂಬ ನೆರೆಮನೆಯ ಇಬ್ಬರು ಗೃಹಿಣಿಯರು ವೆಕ್ಟರ್ ಗ್ರಾಫಿಕ್ ಎಂಬ ಕಂಪ್ಯೂಟರ್ ಕಂಪನಿಯನ್ನು ಆರಂಭಿಸಿದರು. ಲೋರ್ ಅವರ ಪತಿ ಬಾಬ್ ಹಾರ್ಪ್ ವಿನ್ಯಾಸ ಮಾಡಿಟ್ಟಿದ್ದ 8 ಕಿಲೋಬೈಟ್‌ನ ಸ್ಮರಣೆಯ ಫಲಕವೊಂದೇ ಅವರ ಬಂಡವಾಳ. ಮನೆಯಲ್ಲೇ ಶುರುವಾದ ಆ ಕೆಲಸ ಮುಂದೆ ಸಿಪಿ/ಎಂ ಓಡುವ ಪೂರ್ಣ ಕಂಪ್ಯೂಟರುಗಳವರೆಗೆ ಬೆಳೆದು, 1981ರಲ್ಲಿ ಷೇರುಪೇಟೆಯನ್ನೂ ಸೇರಿತು. ಮಾಲೆಯಲ್ಲಿ ಇವರಿಗೊಂದು ಇಡೀ ಲೇಖನ ಸಲ್ಲಬೇಕು.

ಇನ್ನೂ ಹಿಂದೆ ಹೋದರೆ ಮೇರಿ ಆಲೆನ್ ವಿಲ್ಕ್ಸ್ ಇದ್ದಾರೆ. ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ವೆಸ್ಲಿ ಕ್ಲಾರ್ಕ್ ಅವರು ರೂಪಿಸಿದ, ಒಬ್ಬರೇ ಕೂತು ಬಳಸಬಹುದಾದ ಲಿಂಕ್ ಎಂಬ ಯಂತ್ರಕ್ಕೆ ತಂತ್ರಾಂಶ ಬರೆದವರು ಅವರು. 1965ರಲ್ಲಿ ಆ ಯಂತ್ರವನ್ನು ಬಾಲ್ಟಿಮೋರ್‌ನ ತಂದೆತಾಯಿಯ ಮನೆಗೇ ತರಿಸಿಕೊಂಡು, ಅಲ್ಲಿಂದಲೇ ಎಲ್‌ಎಪಿ6 ಎಂಬ ತಂತ್ರಾಂಶವನ್ನು ಬೆಳೆಸಿದರು. ಮನೆಯ ಮೆಟ್ಟಿಲುಗಳ ಪಕ್ಕದಲ್ಲಿ ಆ ಯಂತ್ರದ ಮುಂದೆ ಅವರು ಕೂತಿರುವ ಛಾಯಾಚಿತ್ರವೊಂದಿದೆ. ಮನೆಯಲ್ಲಿ ಕಂಪ್ಯೂಟರ್ ಎಂಬ ಮಾತೇ ಯಾರಿಗೂ ಹೊಳೆಯದ ಕಾಲದ ಚಿತ್ರ ಅದು. ಮುಂದೆ ಅವರು ಹಾರ್ವರ್ಡ್‌ನಲ್ಲಿ ಕಾನೂನು ಓದಿ ವಕೀಲರಾದರು.

ಪಡಸಾಲೆ

ಶೀರ್ಷಿಕೆಯ ಬಗ್ಗೆ ಒಂದು ಸಲಹೆ. ‘ಪರ್ಸನಲ್ ಕಂಪ್ಯೂಟರಿನ ಜನಕ’ ಎಂದು ಕಿಲ್ಡಾಲ್ ಅವರನ್ನು ಕರೆದರೆ ಒಂದೇ ಪದದಲ್ಲಿ ಅವರ ಹಿರಿಮೆ ಓದುಗರಿಗೆ ಮುಟ್ಟುತ್ತದೆ. ಸಾಮಾನ್ಯ ಓದುಗರಿಗೆ ಹದಿನೇಳು ಬಾಗಿಲುಗಳಿಗಿಂತ ಅದು ಬೇಗ ಅರ್ಥವಾಗುತ್ತದೆ ಎಂದು ನನ್ನ ಭಾವನೆ.

ಕಡತಪಾಲ

ದಯವಿಟ್ಟು ಬೇಡ. ಜನಕ, ಪಿತಾಮಹ, ಮೊದಲಿಗ ಎಂಬ ಪದಗಳು ಈ ಕ್ಷೇತ್ರದಲ್ಲಿ ಜಗಳಕ್ಕೆ ದಾರಿ. ಜಾನ್ ಬ್ಲ್ಯಾಂಕನ್‌ಬೇಕರ್ ಅವರು 1971ರಲ್ಲಿ ಕೆನ್‌ಬ್ಯಾಕ್-1 ಎಂಬ ಯಂತ್ರವನ್ನು 750 ಡಾಲರ್‌ಗೆ ಮಾರಿದರು. ಅದರಲ್ಲಿ ಮೈಕ್ರೋಪ್ರೊಸೆಸರೇ ಇರಲಿಲ್ಲ, ಸ್ಮರಣೆ 256 ಬೈಟ್, ಮಾರಾಟವಾದದ್ದು ಸುಮಾರು ನಲವತ್ತು. ಬೋಸ್ಟನ್‌ನ ಕಂಪ್ಯೂಟರ್ ವಸ್ತುಸಂಗ್ರಹಾಲಯದ ತೀರ್ಪುಗಾರರು ಅದನ್ನೇ ಮೊದಲ ವೈಯಕ್ತಿಕ ಕಂಪ್ಯೂಟರ್ ಎಂದರು. ಫ್ರಾನ್ಸಿನವರನ್ನು ಕೇಳಿದರೆ 1973ರ ಮಿಕ್ರಾಲ್-ಎನ್ ಎನ್ನುತ್ತಾರೆ. ಅದು ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆಗಾಗಿ, ನೆಲ ಮತ್ತು ಬೆಳೆಗಳಿಂದ ಆರುವ ನೀರಿನ ಲೆಕ್ಕಕ್ಕೆಂದು, ಇಂಟೆಲ್ 8008 ಚಿಪ್ಪಿನ ಸುತ್ತ ಕಟ್ಟಿದ ಯಂತ್ರ. ಅದರ ಕೀರ್ತಿ ವಿನ್ಯಾಸ ಮಾಡಿದ ಫ್ರಾನ್ಸ್ವಾ ಜೆರ್ನೆಲ್ ಅವರದೋ, ಕಂಪನಿಯ ಒಡೆಯ ಆಂದ್ರೆ ತ್ರುಓಂಗ್ ಅವರದೋ ಎಂಬುದೇ ನ್ಯಾಯಾಲಯದವರೆಗೆ ಹೋಯಿತು. ಅಮೆರಿಕದವರಿಗೆ 1975ರ ಆಲ್ಟೇರ್, ಅದರ ಹಿಂದೆ ಎಡ್ ರಾಬರ್ಟ್ಸ್. ಅವರು ಕಂಪನಿ ಮಾರಿ, ವೈದ್ಯಕೀಯ ಓದಿ, ಜಾರ್ಜಿಯಾದ ಕಾಕ್ರನ್ ಎಂಬ ಊರಿನಲ್ಲಿ ವೈದ್ಯರಾಗಿ ಬಾಳಿದರು.

ಕಿಲ್ಡಾಲ್ ಯಂತ್ರವನ್ನು ಮಾಡಲಿಲ್ಲ, ಬೇರೆ ಬೇರೆ ಯಂತ್ರಗಳು ಒಂದೇ ತಂತ್ರಾಂಶವನ್ನು ಓಡಿಸುವಂತೆ ಮಾಡಿದರು. ಅದನ್ನು ಇದ್ದಂತೆ ಹೇಳಿದರೆ ಜನಕನ ಪಟ್ಟಕ್ಕಿಂತ ದೊಡ್ಡದು.

ಅರುಣಾಚಲದ ದಾರಿ

ಮಾಲೆಯ ಮುಂದಿನ ಲೇಖನಕ್ಕೆ ಆಡಮ್ ಆಸ್ಬಾರ್ನ್ ಅವರನ್ನು ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಕಿಲ್ಡಾಲ್ ಅವರ ಸಿಪಿ/ಎಂ ಜನರ ಕೈಗೆ ಬಂದ ಬಗೆಗಳಲ್ಲಿ ಆಸ್ಬಾರ್ನ್-1 ಒಂದು. 1981ರ ಏಪ್ರಿಲ್‌ನಲ್ಲಿ, 1,795 ಡಾಲರ್‌ಗೆ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ಎಂದು ಅದು ಮಾರುಕಟ್ಟೆಗೆ ಬಂತು. ತೂಕ ಸುಮಾರು 11 ಕಿಲೋ, ಪರದೆ 5 ಇಂಚು; ಜೊತೆಗೆ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್ ಮೊದಲಾದ ತಂತ್ರಾಂಶಗಳು ಅದೇ ಬೆಲೆಯಲ್ಲಿ. ವಿನ್ಯಾಸ ಮಾಡಿದವರು ಲೀ ಫೆಲ್ಸನ್‌ಸ್ಟೈನ್. ಅವರು 1973ರಲ್ಲಿಯೇ ಬರ್ಕ್ಲಿಯ ಒಂದು ಸಂಗೀತ ಮಳಿಗೆಯಲ್ಲಿ, ದಾರಿಹೋಕರು ಬಂದು ತಮ್ಮ ಮಾತು ಬರೆದುಹೋಗಬಹುದಾದ ಟರ್ಮಿನಲ್ ಒಂದನ್ನು ಗೆಳೆಯರೊಡನೆ ನಿಲ್ಲಿಸಿದ್ದವರು.

ನಾನು ಇದನ್ನು ಹೇಳಲು ಇನ್ನೊಂದು ಕಾರಣವಿದೆ. ಆಸ್ಬಾರ್ನ್ ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕ್‌ನಲ್ಲಾದರೂ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಆಸ್ಬಾರ್ನ್ ರಮಣ ಮಹರ್ಷಿಗಳ ಭಕ್ತರು, ಅವರ ಬಗ್ಗೆ ಬರೆದವರು. ಯುದ್ಧದ ಕಾಲದಲ್ಲಿ ತಂದೆ ಜಪಾನೀಯರ ಸೆರೆಯಲ್ಲಿದ್ದಾಗ ತಾಯಿ ಮಕ್ಕಳೊಂದಿಗೆ ಆಶ್ರಮದ ಆಸರೆಯಲ್ಲಿದ್ದರು. ತಮಿಳು ಮಾತಾಡುತ್ತ ಬೆಳೆದ ಆ ಹುಡುಗ ಮುಂದೆ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಗಿ, ಮೈಕ್ರೋಕಂಪ್ಯೂಟರುಗಳ ಪರಿಚಯ ಗ್ರಂಥಗಳನ್ನು ತಾನೇ ಪ್ರಕಟಿಸಿ ಹೆಸರು ಮಾಡಿದರು. 1983ರ ಸೆಪ್ಟೆಂಬರಿನಲ್ಲಿ ಅವರ ಕಂಪ್ಯೂಟರ್ ಕಂಪನಿ ದಿವಾಳಿಯಾಯಿತು. ಹೊಸ ಮಾದರಿಯನ್ನು ಮುಂಚಿತವಾಗಿ ಪ್ರಕಟಿಸಿ ಹಳೆಯದರ ಮಾರಾಟ ಕೆಡಿಸಿಕೊಂಡರು ಎಂಬ ಒಂದೇ ಸಾಲಿನಲ್ಲಿ ವ್ಯಾಪಾರದ ಪಾಠಗಳು ಅವರನ್ನು ಮುಗಿಸಿಬಿಡುತ್ತವೆ. ಕಿಲ್ಡಾಲ್ ಅವರಿಗೆ ವಿಮಾನ ಹೇಗೋ ಇವರಿಗೆ ಈ ಸಾಲು ಹಾಗೆ. ಕೊನೆಯಲ್ಲಿ ಅನಾರೋಗ್ಯದಿಂದ ಭಾರತಕ್ಕೆ ಮರಳಿ, 2003ರಲ್ಲಿ ಕೊಡೈಕನಾಲ್‌ನಲ್ಲಿ ತೀರಿಕೊಂಡರು.

ಹಸ್ತಪ್ರತಿ

ಎಲ್ಲರಿಗೂ ಕೃತಜ್ಞತೆಗಳು. ಲೇಖನದ ಆಕಾರವೇ ಬದಲಾಗುತ್ತಿದೆ. ಒಂದು ವಿಷಯದಲ್ಲಿ ಮಾತ್ರ ಇನ್ನೂ ತೊಳಲುತ್ತಿದ್ದೇನೆ. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಇಪ್ಪತ್ತೈದು ತುಂಬಿದಾಗ, ಅಲ್ಲಿಯೇ ಓದಿ ಡಾಕ್ಟರೇಟ್ ಪಡೆದ ಕಿಲ್ಡಾಲ್ ಅವರನ್ನು ಆಹ್ವಾನಿತರಲ್ಲಿ ಒಬ್ಬರಾಗಿ ಕರೆದು, ಮುಖ್ಯ ಭಾಷಣಕ್ಕೆ ಬಿಲ್ ಗೇಟ್ಸ್ ಅವರನ್ನು ಕರೆದರು. ಆ ನೋವಿನಲ್ಲಿ ಅವರು ಆತ್ಮಕಥನ ಬರೆದು ಆಪ್ತರಿಗಷ್ಟೇ ಹಂಚಿದರು. 1994ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. 2016ರಲ್ಲಿ ಕುಟುಂಬದವರು ಅದರ ಮೊದಲ ಭಾಗವನ್ನು ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದ ಮೂಲಕ ಪ್ರಕಟಿಸಿದರು. ಉಳಿದದ್ದನ್ನು, ಮದ್ಯಪಾನದ ತೊಂದರೆಯಲ್ಲಿದ್ದಾಗ ಬರೆದ ಆ ಪುಟಗಳು ಅವರ ನಿಜವಾದ ಸ್ವರೂಪವಲ್ಲ ಎಂದು, ತಡೆಹಿಡಿದರು. ಈ ಕೊನೆಯ ವರ್ಷಗಳನ್ನು ಎಷ್ಟು ಬರೆಯಬೇಕು?

ಟಿಪ್ಪಣಿಗಾರ್ತಿ

ಕುಟುಂಬ ಹೇಳಿದಷ್ಟನ್ನು ಕುಟುಂಬ ಹೇಳಿದ ರೀತಿಯಲ್ಲಿಯೇ ಬರೆಯಿರಿ. ಸಾವಿನ ಸುತ್ತ ಊಹೆಗಳಿವೆ, ಅವು ಓದಿಸಿಕೊಳ್ಳುತ್ತವೆ. ಆದರೆ ಕಹಿಯಿಂದಲೇ ಸತ್ತರು ಎಂಬಂತೆ ಬರೆದರೆ ಅವರು ನಗುತ್ತ ಮಾಡಿದ ಕೆಲಸಗಳೆಲ್ಲ ಅದರ ನೆರಳಿಗೆ ಬೀಳುತ್ತವೆ. ಕಂಪ್ಯೂಟರ್ ಬಗೆಗಿನ ಅಮೆರಿಕದ ದೂರದರ್ಶನ ಕಾರ್ಯಕ್ರಮದಲ್ಲಿ ಸ್ಟೂವರ್ಟ್ ಶೆಫೆ ಅವರ ಜೊತೆ ಹಲವು ವರ್ಷ ಸಹನಿರೂಪಕರಾಗಿ ಕೂತು, ಎದುರಾಳಿಗಳ ತಂತ್ರಾಂಶವನ್ನೂ ಕುತೂಹಲದಿಂದ ವಿಚಾರಿಸುತ್ತಿದ್ದ ಕಿಲ್ಡಾಲ್ ಅವರನ್ನು ಆ ಹಳೆಯ ಕಂತುಗಳಲ್ಲಿ ಈಗಲೂ ಕಾಣಬಹುದು. 1985ರಲ್ಲಿ ಇಡೀ ಗ್ರೋಲಿಯರ್ ವಿಶ್ವಕೋಶವನ್ನು ಒಂದು ಸಿಡಿಗೆ ತುಂಬಿಸಿದ ತಂಡವೂ ಅವರದೇ. ಐಬಿಎಂ ಬಂದುಹೋಗಿ ಐದು ವರ್ಷವಾಗಿತ್ತು. ಕೈತಪ್ಪಿದ್ದನ್ನು ನೆನೆಯುತ್ತ ಕೂತವರು ಮಾಡುವ ಕೆಲಸವಲ್ಲ ಅದು.

ಪಡಸಾಲೆ

ಜನಕ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ವಿವರಿಸಿದ್ದಕ್ಕೆ ವಂದನೆಗಳು. ಇದೆಲ್ಲ ಓದುವಾಗ ನನಗೆ ಕನ್ನಡದ್ದೇ ಒಂದು ವಿಷಯ ನೆನಪಾಯಿತು. ನಾವು ಈಗ ಬೆರಳಚ್ಚಿಸುತ್ತಿರುವ ಕನ್ನಡ ಕೀಲಿಮಣೆಯ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ಒತ್ತಕ್ಷರಕ್ಕೂ ಕಾಗುಣಿತಕ್ಕೂ ಬೇರೆ ಬೇರೆ ಕೀಲಿ ಹುಡುಕುವ ಕಷ್ಟವನ್ನು ತಪ್ಪಿಸಿ, ಅಕ್ಷರದ ಧ್ವನಿಯ ಜಾಡು ಹಿಡಿದು ಬರೆಯುವಂತೆ ಮಾಡಿದವರು ಅವರು. ಸೇಡಿಯಾಪು ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟವರೂ ಅವರೇ. ದಿನವೂ ಆ ಕೀಲಿಮಣೆಯಲ್ಲಿ ಬರೆಯುವ ನನ್ನ ಸಹೋದ್ಯೋಗಿಗಳಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು ಎಂದು ನಿನ್ನೆ ಕೇಳಿ ನೋಡಿದೆ. ಎಂಟು ಜನರಲ್ಲಿ ಒಬ್ಬರಿಗೆ ಗೊತ್ತಿತ್ತು.

ಹಸ್ತಪ್ರತಿ

ಪಡಸಾಲೆಯವರ ಎಂಟರಲ್ಲಿ ಒಬ್ಬರು ಎಂಬ ಲೆಕ್ಕ ನನ್ನನ್ನು ಚುಚ್ಚಿತು. ಆ ಲೇಖನವನ್ನು ಮಾಲೆಯ ಕೊನೆಗೆ ಎಂದುಕೊಂಡಿದ್ದೆ, ಈಗ ಮೂರನೆಯದಾಗಿ ತರುತ್ತೇನೆ. ಆಸ್ಬಾರ್ನ್ ಎರಡನೆಯದು.

ತಿದ್ದಿದ ಆರಂಭ ಇಲ್ಲಿದೆ, ನೋಡಿ:

‘1974ರಲ್ಲಿ ಪೆಸಿಫಿಕ್ ಗ್ರೋವ್‌ನಲ್ಲಿ ಇಬ್ಬರು ಗೆಳೆಯರು, ತಯಾರಕರು ಪರೀಕ್ಷೆಗೆಂದು ಓಡಿಸಿ ಸವೆಸಿದ್ದ ಒಂದು ಡಿಸ್ಕ್ ಡ್ರೈವಿನ ಮುಂದೆ ಕೂತಿದ್ದರು. ಅದನ್ನು ಹೊಸ ಚಿಪ್ಪಿಗೆ ಜೋಡಿಸುವ ನಿಯಂತ್ರಕವನ್ನು ಜಾನ್ ಟೊರೊಡೆ ತಂತಿ ಸುತ್ತಿ ಕಟ್ಟಿದ್ದರು. ಆ ಡ್ರೈವನ್ನು ಆಳುವ ತಂತ್ರಾಂಶವನ್ನು ಗ್ಯಾರಿ ಕಿಲ್ಡಾಲ್ ಬರೆದಿದ್ದರು. ತೂತು ಕೊರೆದ ಕಾಗದದ ಪಟ್ಟಿಯಿಂದ ತಂತ್ರಾಂಶವನ್ನು ಅಂಗೈ ಅಗಲದ ಫ್ಲಾಪಿಗೆ ಇಳಿಸಿ, ಫ್ಲಾಪಿಯಿಂದಲೇ ಯಂತ್ರವನ್ನು ಎಬ್ಬಿಸಿದಾಗ, ಅದು ಒಂದು ನಕ್ಷತ್ರದ ಗುರುತನ್ನು ತೋರಿಸಿ ಮುಂದಿನ ಆಜ್ಞೆಗಾಗಿ ಕಾಯತೊಡಗಿತು. ಇದನ್ನು ಇಂಟೆಲ್‌ಗೆ ಕೊಡಲು ಹೋದರೆ ಅವರು ಬೇಡವೆಂದರು. ಆಗ ಗ್ಯಾರಿ ಮತ್ತು ಡೊರೊತಿ ಅದನ್ನು ತಾವೇ, 70 ಡಾಲರ್‌ಗೆ, ಮಾರಲು ಹೊರಟರು.’

ವಿಮಾನ ಆರನೆಯ ಪುಟಕ್ಕೆ ಹೋಗಿದೆ, ಎರಡು ಪ್ಯಾರಾ, ಎರಡೂ ಕಡೆಯ ಸಾಕ್ಷಿಗಳೊಂದಿಗೆ. ಲೈಟ್‌ಹೌಸ್ ಅವೆನ್ಯೂವಿನ 801ನೆಯ ಸಂಖ್ಯೆಯ ಕಟ್ಟಡದ ಮುಂದೆ 2014ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ನೆಟ್ಟ ಸ್ಮಾರಕ ಫಲಕದ ವಿಷಯ ಕೊನೆಯ ಪುಟದಲ್ಲಿದೆ.

ಬೆಸುಗೆಕಡ್ಡಿ

ಚೆನ್ನಾಗಿದೆ, ಇದನ್ನೇ ಇಟ್ಟುಕೊಳ್ಳಿ. ಒಂದು ತಿದ್ದುಪಡಿ: ಅಂಗೈ ಅಗಲದ ಫ್ಲಾಪಿ ಎಂದು ಬರೆದಿದ್ದೀರಿ. ಐದೂಕಾಲು ಇಂಚಿನದು ಬಂದದ್ದು 1976ರಲ್ಲಿ. ಅಂದು ಅವರ ಮುಂದಿದ್ದದ್ದು 8 ಇಂಚಿನದು: ಒಂದು ಬದಿಯಲ್ಲಿ 77 ಪಥ, ಪಥಕ್ಕೆ 26 ವಿಭಾಗ, ವಿಭಾಗಕ್ಕೆ 128 ಬೈಟ್, ಒಟ್ಟು 2,56,256 ಬೈಟ್. ಊಟದ ತಟ್ಟೆಯಷ್ಟು ಅಗಲ ಎಂದು ಬರೆಯಿರಿ. ನನ್ನ ಬಳಿ ಒಂದು ಉಳಿದಿದೆ, ಲೇಖನಕ್ಕೆ ಬೇಕಾದರೆ ಚಿತ್ರ ತೆಗೆದು ಕಳಿಸುತ್ತೇನೆ.